ಗಾಡಿಯೇ ಮನೆ: ಹಳೆಯ ವ್ಯಾನು, ಎರೆಮಣ್ಣಿನ ಹಾದಿ ಮತ್ತು ನಮ್ಮ ಊರು

'ದೇಶ ಸುತ್ತು, ಕೋಶ ಓದು' ಎಂಬ ಮಾತನ್ನು ಕೇಳಿಯೇ ನಾವೆಲ್ಲ ಬೆಳೆದವರು. ಕೋಶ ಓದುವ ಕೆಲಸವನ್ನು ಹೈದರಾಬಾದಿನ ನಮ್ಮ ಮಕ್ಕಳು ಚೆನ್ನಾಗಿಯೇ ಮಾಡಿದ್ದಾರೆ. ದೇಶ ಸುತ್ತುವ ಬಗೆಯಲ್ಲಿ ಈಚೆಗೆ ಅವರಲ್ಲಿ ಹೊಸದೊಂದು ಹಂಬಲ ಕಾಣುತ್ತಿದೆ. ಸರಕು ಹೊತ್ತು ಹಳತಾದ ಒಂದು ವ್ಯಾನನ್ನು ಕೊಳ್ಳುವುದು, ಅದರೊಳಗೆ ಹಾಸಿಗೆ, ಒಲೆ, ನೀರು, ದೀಪ ಜೋಡಿಸುವುದು, ಡಾಂಬರು ಮುಗಿದ ಮೇಲೂ ಮುಂದೆ ಹೋಗಬಲ್ಲ ಗಟ್ಟಿಮುಟ್ಟಾದ 'ಕ್ಯಾಂಪರ್' ಮಾಡಿಕೊಳ್ಳುವುದು. "ಊರೂರಿಗೆ ಲಾಡ್ಜ್ ಇರುವಾಗ ಇದೆಂಥ ಹುಚ್ಚು?" ಎಂದು ಮನೆಯ ಹಿರಿಯರು ಹುಬ್ಬೇರಿಸುವುದು ಸಹಜ.

ಹುಬ್ಬೇರಿಸುವ ಮೊದಲು ಒಂದು ಸಂಗತಿ ನೆನೆಯೋಣ. ಈ ನಗರದ ಕನ್ನಡ ಮನೆಗಳಲ್ಲಿ ಬಹಳಷ್ಟಕ್ಕೆ ಮೂಲ ಬೀದರ್, ಕಲಬುರಗಿ, ರಾಯಚೂರು ಸೀಮೆ. 1956ರವರೆಗೆ ಆ ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು, ಬಂಧುಬಳಗ ಆಚೆ ಈಚೆ ಉಳಿಯಿತು. ಅಜ್ಜ ಅಜ್ಜಿ ಇರುವವರೆಗೆ ಊರಿನ ಮನೆಯ ಬಾಗಿಲು ತೆರೆದಿತ್ತು. ಈಗ ಎಷ್ಟೋ ಕುಟುಂಬಗಳ ಮನೆ ಪಾಲಾಗಿದೆ ಅಥವಾ ಮಾರಾಟವಾಗಿದೆ. ಜಾತ್ರೆಗೋ ಕುಲದೇವರ ದರ್ಶನಕ್ಕೋ ಬೆಳಿಗ್ಗೆ ಹೋಗಿ, ಕಾಯಿ ಒಡೆಸಿ, ಕತ್ತಲಾಗುವುದರೊಳಗೆ ಹೆದ್ದಾರಿ ಹಿಡಿಯುವವರೇ ಹೆಚ್ಚು. ಹೀಗೆ ಹೋಗಿ ಬರುವ ಮಕ್ಕಳಿಗೆ ತಮ್ಮ ಊರಿನ ಸಂಜೆ ಹೇಗಿರುತ್ತದೆ, ನಸುಕು ಹೇಗೆ ಹರಿಯುತ್ತದೆ ಎಂಬುದೇ ಗೊತ್ತಿಲ್ಲ. ಮಲಗಲು ಜಾಗವಿರುವ ಗಾಡಿಯೊಂದಿದ್ದರೆ ಆ ಒಂದು ರಾತ್ರಿ ಮತ್ತೆ ಸಿಗುತ್ತದೆ. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ.

ಇದು ನಮಗೆ ಹೊಸದೇ?

ಕ್ಯಾಂಪರ್ ಎಂದ ಕೂಡಲೇ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನ್ ಕಣ್ಣ ಮುಂದೆ ಬರುತ್ತದೆ. 1950ರಲ್ಲಿ ಸರಕು ಮತ್ತು ಜನರನ್ನು ಸಾಗಿಸಲೆಂದು ಹೊರಬಂದ ಆ ದುಡಿಯುವ ಗಾಡಿಗೆ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಹಾಸಿಗೆ, ಕಪಾಟು ಜೋಡಿಸತೊಡಗಿತು. 1960, 70ರ ದಶಕಗಳಲ್ಲಿ ಯುರೋಪಿನ ಯುವಕರು ಅಂಥ ವ್ಯಾನುಗಳಲ್ಲಿ ಇರಾನ್, ಅಫ್ಘಾನಿಸ್ತಾನ ದಾಟಿ ಭಾರತದವರೆಗೂ ಬಂದರು.

ಆದರೆ ನಮ್ಮ ಸೀಮೆಯಲ್ಲಿ ಅದಕ್ಕೂ ಎಷ್ಟೋ ಹಿಂದಿನಿಂದ ಕಮಾನು ಗಾಡಿಗಳಿದ್ದವು. ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆಯನ್ನೋ ತಟ್ಟನ್ನೋ ಹೊದಿಸಿ, ಒಳಗೆ ಹುಲ್ಲು ಹರಡಿ ಮೇಲೊಂದು ಕೌದಿ ಹಾಸಿದರೆ ಮನೆ ಸಿದ್ಧ. ಗಾಡಿಯ ಕೆಳಗೆ ಕಂದೀಲು, ಪಕ್ಕದಲ್ಲಿ ಅಚ್ಚಿಗೆ ಹಾಕುವ ಎಣ್ಣೆಯ ಗೊಟ್ಟ, ಹಿಂದೆ ನೀರಿನ ಕೊಡ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಇಡೀ ಮನೆತನ ಹೀಗೆ ದಿನಗಟ್ಟಲೆ ಹೋಗಿ, ಗಾಡಿ ಬಿಟ್ಟಲ್ಲೇ ಒಲೆ ಹೂಡಿ, ಗಾಡಿಯಲ್ಲೇ ಮಲಗಿ ಬರುತ್ತಿತ್ತು. ಬೇಡವಾದದ್ದೊಂದೂ ಆ ಗಾಡಿಯಲ್ಲಿ ಇರುತ್ತಿರಲಿಲ್ಲ. ಎತ್ತಿನ ಹೆಗಲಿಗೆ ಎಷ್ಟು ಭಾರ ಎಂಬುದು ಗಾಡಿ ಹೂಡುವವನಿಗೆ ಗೊತ್ತಿತ್ತು. ವ್ಯಾನ್ ಕಟ್ಟುವವರು ಕಲಿಯಬೇಕಾದ ಮೊದಲ ಪಾಠವೂ ಇದೇ. ಗಟ್ಟಿ ಗಾಡಿ ಎಂದರೆ ಹೆಚ್ಚು ಸಾಮಾನು ತುಂಬಿದ ಗಾಡಿಯಲ್ಲ, ಬೇಡವಾದದ್ದನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದ ಗಾಡಿ.

ಯಾವ ವ್ಯಾನು?

ವ್ಯಾನುಗಳ ಮಟ್ಟಿಗೆ ನಮ್ಮ ನಗರಕ್ಕೂ ಒಂದು ಕಥೆ ಇದೆ. 1980ರ ದಶಕದಲ್ಲಿ ಜಪಾನಿನ ಕಂಪನಿಗಳ ಜೊತೆಗೂಡಿ ನಾಲ್ಕು ಹಗುರ ಸರಕು ವಾಹನಗಳು ಭಾರತದಲ್ಲಿ ತಯಾರಾದವು: ಡಿ.ಸಿ.ಎಂ. ಟೊಯೊಟಾ, ಸ್ವರಾಜ್ ಮಜ್ದಾ, ಐಶರ್ ಮಿತ್ಸುಬಿಷಿ ಮತ್ತು ಆಲ್ವಿನ್ ನಿಸ್ಸಾನ್. ಕೊನೆಯದು ಹೈದರಾಬಾದ್ ಆಲ್ವಿನ್ ಸಂಸ್ಥೆಯ ಕೂಸು, ಕಾರ್ಖಾನೆ ಇದ್ದದ್ದು ಬೀದರ್ ಹಾದಿಯ ಜಹೀರಾಬಾದಿನಲ್ಲಿ. ಮುಂದೆ ಅದು ಮಹೀಂದ್ರ ಕಂಪನಿಯ ಕೈಗೆ ಹೋಯಿತು, ಈಗ ಅಲ್ಲಿ ಟ್ರ್ಯಾಕ್ಟರುಗಳು ತಯಾರಾಗುತ್ತವೆ. ನಮ್ಮ ಹಳ್ಳಿಗಳಲ್ಲಿ 'ಮೆಟಡೋರ್' ಎಂಬುದು ವ್ಯಾನಿಗೇ ಹೆಸರಾಗಿಬಿಟ್ಟಿತ್ತು. ಅದು ಪುಣೆಯ ಬಜಾಜ್ ಟೆಂಪೊ ಕಂಪನಿಯ ಗಾಡಿ. ಅದೇ ಕಂಪನಿ 1980ರ ದಶಕದ ಕೊನೆಗೆ ಟ್ರಾವೆಲರ್ ತಂದಿತು, 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. 1984ರಲ್ಲಿ ಬಂದ ಮಾರುತಿ ವ್ಯಾನ್ ಮುಂದೆ ಓಮ್ನಿಯಾಗಿ, 2019ರವರೆಗೆ ತಯಾರಾಯಿತು.

ಇಂದು ಹಳೆಯ ಗಾಡಿ ಹುಡುಕುವವರಿಗೆ ಹೆಚ್ಚಾಗಿ ಸಿಗುವುದು ಟ್ರಾವೆಲರ್ ಡೆಲಿವರಿ ವ್ಯಾನ್, ಟಾಟಾ ವಿಂಗರ್ ಮತ್ತು ಚಿಕ್ಕದಾದ ಮಾರುತಿ ಈಕೊ. ಇಬ್ಬರೇ ಹೋಗುವುದಾದರೆ ಈಕೊ ಸಾಕು. ನಾಲ್ವರ ಕುಟುಂಬವಾದರೆ, ಒಳಗೆ ನಿಂತು ಬಟ್ಟೆ ಬದಲಿಸುವಂತಿರಬೇಕೆಂದಿದ್ದರೆ, ಎತ್ತರದ ಚಾವಣಿಯ ದೊಡ್ಡ ವ್ಯಾನೇ ಬೇಕು. ಇವುಗಳಲ್ಲಿ ಸಾಮಾನ್ಯವಾಗಿ ಎರಡೇ ಚಕ್ರಗಳಿಗೆ ಎಳೆತ, ನಾಲ್ಕಕ್ಕೂ ಅಲ್ಲ. ಆದ್ದರಿಂದ ಜೀಪಿನ ಸಾಹಸವನ್ನು ಇವುಗಳಿಂದ ಬಯಸಬಾರದು. ಹಳ್ಳಿಯ ಕಚ್ಚಾ ರಸ್ತೆ, ಕೆರೆ ದಂಡೆ, ಗುಡ್ಡದ ಬುಡದ ದಾರಿಗೆ ಇವು ಧಾರಾಳ ಸಾಕು.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಗಾಡಿಯನ್ನು ಎತ್ತಿಸಿ ಅಡಿಯಿಂದ ನೋಡಿ. ಚಾಸಿ ತೊಲೆಗಳಲ್ಲಿ ತುಕ್ಕು, ಬೆಸುಗೆಯ ತೇಪೆ, ಬಿರುಕು ಕಂಡರೆ ಎಷ್ಟು ಅಗ್ಗವಾದರೂ ಬಿಡಿ. ಮೀನು, ಹಾಲು, ಐಸ್ ಸಾಗಿಸಿದ ಗಾಡಿಯ ನೆಲದ ತಗಡು ಒಳಗಿನಿಂದಲೇ ತಿಂದುಹೋಗಿರುತ್ತದೆ. ಹಾಸನ್ನು ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಚಕ್ರಗಳ ಮೇಲಿನ ಕಮಾನ್ ಪಟ್ಟಿಗಳು ಹೊರೆ ಹೊತ್ತು ಹೊತ್ತು ಚಪ್ಪಟೆಯಾಗಿದ್ದರೆ ಬೆಲೆಯಲ್ಲಿ ಅದನ್ನು ಕಳೆಯಿರಿ. ಹದಿನೈದು ವರ್ಷ ಸಮೀಪಿಸಿದ ಗಾಡಿಗೆ ಮರುನೋಂದಣಿ, ತಪಾಸಣೆಗಳ ಖರ್ಚು ಬೇರೆ ಇದೆ ಎಂಬುದು ನೆನಪಿರಲಿ.

ಮೊದಲು ಕಾಗದ, ಆಮೇಲೆ ಕರಗಸ

ಉತ್ಸಾಹದಲ್ಲಿ ಎಲ್ಲರೂ ತಡವಾಗಿ ಕೇಳುವ ಪ್ರಶ್ನೆ ಇದು: ಕಾನೂನು ಒಪ್ಪುತ್ತದೆಯೇ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದಾಗಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಮುಂದೆ ಕಬ್ಬಿಣದ ದಪ್ಪ ಬುಲ್ ಬಾರ್ ಹಾಕಿಸಿದರೆ ಗಾಡಿ ಒರಟಾಗಿ ಕಾಣುತ್ತದೆ ನಿಜ, ಆದರೆ ಅದರ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅಪಘಾತದಲ್ಲಿ ಅದು ದಾರಿಹೋಕರ ಜೀವಕ್ಕೆ ಎರವು, ಒಳಗಿನವರ ಏರ್ ಬ್ಯಾಗಿಗೂ ಅಡ್ಡಿ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ವಾಹನಗಳ ಪಟ್ಟಿಯಲ್ಲಿದೆ. ಮೋಟಾರ್ ಕ್ಯಾರವಾನ್‌ಗಳಿಗೆಂದು ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಖಾಯಂ ಮನೆಯಂತೆ ಕಟ್ಟಿಸುವವರು ಆ ಮಾನದಂಡಕ್ಕೆ ಒಪ್ಪಿಗೆ ಪಡೆದ ಬಾಡಿ ಬಿಲ್ಡರ್ ಬಳಿಗೇ ಹೋಗಬೇಕು. ನಮ್ಮಂಥವರಿಗೆ ಸುಲಭವಾದ ದಾರಿ ಬೇರೆ ಇದೆ. ಕಿಟಕಿ ಕೊರೆಯುವುದು, ಚಾವಣಿ ಎತ್ತರಿಸುವುದು, ಸೀಟಿನ ಸಂಖ್ಯೆ ಬದಲಿಸುವುದು, ಗಾಡಿ ಎತ್ತರಿಸುವುದು ಇವಾವುದನ್ನೂ ಮಾಡದೆ, ಬೇಕಾದಾಗ ಇಟ್ಟು ಬೇಡವಾದಾಗ ಇಳಿಸಬಹುದಾದ ಮಂಚ, ಪೆಟ್ಟಿಗೆಗಳನ್ನು ಮಾತ್ರ ಮಾಡಿಸಿಕೊಳ್ಳುವುದು. ಇದಕ್ಕೂ ನಿಮ್ಮ ಆರ್.ಟಿ.ಓ. ಕಚೇರಿಯನ್ನು ಮೊದಲೇ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತದಲ್ಲಿಡಿ. ಗಾಡಿ ಹಳದಿ ಹಲಗೆಯದಾಗಿದ್ದರೆ ಖಾಸಗಿಗೆ ಬದಲಿಸಿಕೊಳ್ಳಬೇಕು. ಕರ್ನಾಟಕದ್ದಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ತೆರಿಗೆ ಕಟ್ಟಿ ನೋಂದಾಯಿಸಬೇಕು. 2024ರ ಮಾರ್ಚಿನಿಂದ ತೆಲಂಗಾಣದ ಹೊಸ ಸಂಖ್ಯೆಗಳು ಟಿ.ಎಸ್. ಬದಲು ಟಿ.ಜಿ. ಎಂದು ಬರುತ್ತಿವೆ. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ. ತಿಳಿಸದೆ ಬದಲಿಸಿದ ಗಾಡಿಗೆ ಅಪಘಾತವಾದರೆ ಪರಿಹಾರ ಕೇಳುವಾಗ ಕಷ್ಟ.

ಹಾಸಿಗೆ ಇದ್ದಷ್ಟು ಕಾಲು

ನೋಂದಣಿ ಪತ್ರದಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯದೊಂದು, ಹೊರೆ ಸೇರಿ ಗರಿಷ್ಠ ಒಂದು. ಎರಡರ ಅಂತರವೇ ನಿಮ್ಮ ಆಸ್ತಿ. ಅದರಲ್ಲಿ ಮೊದಲು ಜನರ ತೂಕ ಕಳೆಯಿರಿ. ಒಂದು ಲೀಟರ್ ನೀರು ಒಂದು ಕಿಲೋ. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಹಲಗೆ 12 ಮಿ.ಮೀ. ದಪ್ಪದ್ದು ಸುಮಾರು 20 ಕಿಲೋ, 19 ಮಿ.ಮೀ.ನದು 30 ಕಿಲೋ ದಾಟುತ್ತದೆ. ಮನೆಯ ಅಡಿಗೆಮನೆ ಮಾಡಿದ ಬಡಗಿಗೆ ಕೆಲಸ ಒಪ್ಪಿಸಿದರೆ ಆತ ಅಭ್ಯಾಸದಂತೆ ದಪ್ಪ ಹಲಗೆಯನ್ನೇ ಹಾಕುತ್ತಾನೆ. ವ್ಯಾನಿಗೆ 12 ಮಿ.ಮೀ. ಸಾಕು, ಬಾಗಿಲುಗಳಿಗೆ ಇನ್ನೂ ತೆಳುವಾದದ್ದೇ ಇರಲಿ. ಕೆಲಸ ಮುಗಿದ ಮೇಲೆ ನೀರು, ಜನ, ಬುತ್ತಿ ಎಲ್ಲ ಸೇರಿಸಿ ಒಂದು ಧರ್ಮಕಾಂಟಾಕ್ಕೆ ಹೋಗಿ ತೂಗಿಸಿ. ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆಯಾಗಿ ತೂಗಿದರೆ ಇನ್ನೂ ಒಳ್ಳೆಯದು. ಭಾರವಾದದ್ದು ಕೆಳಗೆ, ಎರಡು ಅಚ್ಚುಗಳ ನಡುವೆ ಇರಬೇಕು. ಚಾವಣಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಎರಡು ಟೈರು ಹೇರಿಕೊಂಡ ಗಾಡಿ ಚಿತ್ರದಲ್ಲಿ ಚೆನ್ನ. ಇಳಿಜಾರಿನ ತಿರುವಿನಲ್ಲಿ ಅದೇ ಗಾಡಿ ಮಗುಚಿಕೊಳ್ಳುತ್ತದೆ.

ಸಾಮಾನಿಗೆ ಹೈದರಾಬಾದಿನಂಥ ಊರು ಸಿಗುವುದು ಕಷ್ಟ. ಕಬ್ಬಿಣದ ಕೆಲಸಕ್ಕೆ ಬಾಲಾನಗರ, ಗಾಡಿಯ ದುರಸ್ತಿಗೆ ಆಟೋನಗರ, ನಟ್ಟು ಬೋಲ್ಟು ಪಂಪುಗಳಿಗೆ ರಾಣಿಗಂಜ್, ವಿದ್ಯುತ್ ಸಾಮಾನಿಗೆ ಟ್ರೂಪ್ ಬಜಾರ್, ಎಲೆಕ್ಟ್ರಾನಿಕ್ಸ್‌ಗೆ ಕೋಠಿಯ ಗುಜರಾತಿ ಗಲ್ಲಿ. ಒಂದೊಂದು ಭಾನುವಾರ ಒಂದೊಂದು ಕೆಲಸ ಎಂದು ಹಂಚಿಕೊಂಡರೆ ನಾಲ್ಕೈದು ತಿಂಗಳಲ್ಲಿ ಗೆಳೆಯರೇ ಸೇರಿ ಮುಗಿಸಬಹುದು. ಆದರೆ ಕ್ರಮ ತಪ್ಪಬಾರದು. ಮೊದಲ ಹಣ ಬ್ರೇಕು, ಟೈರು, ಸ್ಟಿಯರಿಂಗ್, ಕಮಾನ್ ಪಟ್ಟಿಗಳಿಗೆ. ಎರಡನೆಯದು ತುಕ್ಕು ತೆಗೆದು ಬಣ್ಣ ಬಳಿಯಲು. ಮೂರನೆಯದು ಶಾಖ ತಡೆಯಲು. ಹಾಸಿಗೆ, ಪೆಟ್ಟಿಗೆ, ದೀಪ ಆಮೇಲೆ.

ಶಾಖದ ಮಾತು ಚಿಕ್ಕದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಬರಿಯ ತಗಡಿನ ವ್ಯಾನು ಕಾದ ಹಂಚು. ಚಾವಣಿಗೆ ಬಿಳಿ ಬಣ್ಣ ಹೊಡೆಸುವುದಾದರೆ, ನೋಂದಣಿ ಪತ್ರದಲ್ಲಿ ಬಣ್ಣ ನಮೂದಾಗಿರುವುದರಿಂದ, ಅದಕ್ಕೂ ಮೊದಲು ಕೇಳಿಕೊಳ್ಳಿ. ಒಳಗೆ ತಗಡಿಗೆ ಅಂಟುವ ನೈಟ್ರೈಲ್ ರಬ್ಬರಿನ ಹಾಳೆ ಹಾಕಿ. ನೀರು ಹೀರುವ ಹತ್ತಿ, ಥರ್ಮೋಕೋಲ್ ಚೂರು ತುರುಕಿದರೆ ರಾತ್ರಿಯ ಉಸಿರಿನ ತೇವ ಅಲ್ಲೇ ನಿಂತು ತಗಡು ತುಕ್ಕು ಹಿಡಿಯುತ್ತದೆ. ಮಂಚದ ಅಡಿಯೂ ಗಾಳಿ ಆಡಬೇಕು. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಮಲಗಬಾರದು. ಕಂಪನಿ ಕೊಟ್ಟ ಸೀಟು, ಕಂಪನಿ ಕೊಟ್ಟ ಬೆಲ್ಟು ಇರುವಷ್ಟೇ ಜನ ಪ್ರಯಾಣ ಮಾಡಬೇಕು. ಅಜ್ಜಿಗೆ ಕಾಲು ಚಾಚಲು ಆಸೆಯಾದರೆ ಗಾಡಿ ನಿಲ್ಲಿಸೋಣ.

ಕರೆಂಟಿನ ಲೆಕ್ಕ, ಬುತ್ತಿಯ ಲೆಕ್ಕ

12 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯೊಂದರಲ್ಲಿ ಸುಮಾರು 1280 ವಾಟ್ ಅವರ್ ಶಕ್ತಿ ಇರುತ್ತದೆ. 25 ವಾಟಿನ ಫ್ಯಾನು ಎಂಟು ಗಂಟೆಗೆ 200, ಐದೈದು ವಾಟಿನ ನಾಲ್ಕು ದೀಪ ನಾಲ್ಕು ಗಂಟೆಗೆ 80, ನಾಲ್ಕು ಫೋನುಗಳಿಗೆ 60. ಒಟ್ಟು ದಿನಕ್ಕೆ 340. ಬಿಸಿಲೇ ಇಲ್ಲದಿದ್ದರೂ ಮೂರು ದಿನ ನಡೆಯುತ್ತದೆ. ಇದಕ್ಕೆ 45 ವಾಟಿನ ಚಿಕ್ಕ ಫ್ರಿಜ್ ಸೇರಿಸಿ. ಅದು ಅರ್ಧ ಹೊತ್ತು ಓಡಿದರೂ ದಿನಕ್ಕೆ 540. ಈಗ ಅದೇ ಬ್ಯಾಟರಿ ಒಂದೂವರೆ ದಿನಕ್ಕೂ ಸಾಲದು. ಎರಡನೆಯ ಬ್ಯಾಟರಿ, ದೊಡ್ಡ ಸೋಲಾರ್ ಹಲಗೆ, ದಪ್ಪ ತಂತಿ, ಹೀಗೆ ಒಂದು ಫ್ರಿಜ್ಜಿನ ಹಿಂದೆ ತೂಕವೂ ಖರ್ಚೂ ಸಾಲುಗಟ್ಟಿ ಬರುತ್ತವೆ.

ಫ್ರಿಜ್ ಬೇಕೇ ಎಂಬ ಪ್ರಶ್ನೆಗೆ ನಮ್ಮ ಅಜ್ಜಿಯರ ಬುತ್ತಿಗಂಟು ಹಿಂದೆಯೇ ಉತ್ತರ ಕೊಟ್ಟಿದೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಉಪ್ಪಿನಕಾಯಿ, ಅವಲಕ್ಕಿ, ಚುರುಮುರಿ, ಬೆಲ್ಲ ಇವಾವುದಕ್ಕೂ ತಂಪು ಬೇಡ. ಮೊಸರು, ಈರುಳ್ಳಿ, ಹಸಿಮೆಣಸು ಹೋದ ಊರಿನಲ್ಲೇ ಸಿಗುತ್ತವೆ. ಕೇಳಿ ಕೊಳ್ಳುವ ನೆಪದಲ್ಲಿ ನಾಲ್ಕು ಜನರ ಪರಿಚಯವೂ ಆಗುತ್ತದೆ. ನಮ್ಮ ಮಕ್ಕಳ ಕನ್ನಡ ಸುಧಾರಿಸಲು ಹಳ್ಳಿಯ ಕಿರಾಣಿ ಅಂಗಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಜೀವದ ಪ್ರಶ್ನೆ

ಮೂರು ಮಾತನ್ನು ದಯವಿಟ್ಟು ಎರಡು ಸಲ ಓದಿ.

ಒಂದು, ತಂತಿ. ಪ್ರತಿ ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಫ್ಯಾನನ್ನು ಕಾಯಲು ಅಲ್ಲ. 12 ವೋಲ್ಟಿನಲ್ಲಿ 500 ವಾಟಿನ ಇನ್ವರ್ಟರ್ 40 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮನೆಯಲ್ಲಿ ಉಳಿದ ತೆಳು ತಂತಿ ಹಾಕಿದರೆ ಅದು ಕಾದು, ಹಲಗೆಯ ಹಿಂದೆ ಬೆಂಕಿ ಏಳುತ್ತದೆ. ತಗಡಿನ ತೂತಿನಿಂದ ತಂತಿ ಹಾಯಿಸುವಲ್ಲೆಲ್ಲ ರಬ್ಬರ್ ಬಳೆ ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ ಕೈಗೆ ಸಿಗುವಂತಿರಲಿ.

ಎರಡು, ಅಡಿಗೆ ಗ್ಯಾಸ್. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ, ಮಂಚದ ಅಡಿಯಲ್ಲಿ ಕೆರೆಯಂತೆ ನಿಲ್ಲುತ್ತದೆ. ಮನೆಯ 14.2 ಕಿಲೋ ಸಿಲಿಂಡರನ್ನು ವ್ಯಾನಿನಲ್ಲಿ ಇಡಲೇಬೇಡಿ. 5 ಕಿಲೋದ ಚಿಕ್ಕದನ್ನೇ ಒಯ್ದು, ಗಾಡಿಯ ಹೊರಗೆ, ಬಯಲಿನಲ್ಲಿ ಅಡಿಗೆ ಮಾಡಿ.

ಮೂರು, ಕೆಂಡ. ಡಿಸೆಂಬರಿನಲ್ಲಿ ಬೀದರಿನ ಚಳಿ ಮೈ ಕೊರೆಯುತ್ತದೆ. ಬೆಚ್ಚಗಿರಲೆಂದು ಕೆಂಡದ ಸಿಗಡಿಯನ್ನು ಮುಚ್ಚಿದ ಗಾಡಿಯೊಳಗೆ ಇಟ್ಟುಕೊಂಡು ಮಲಗಿದವರು ಮತ್ತೆ ಏಳುವುದಿಲ್ಲ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಎಚ್ಚರಿಸುವ ಗುಣವಿಲ್ಲ. ಇಂಜಿನ್ ಓಡಿಸಿಟ್ಟು ಮಲಗುವುದೂ ಅಷ್ಟೇ ಅಪಾಯ. ಎರಡು ಕೌದಿ ಹೆಚ್ಚಿಗೆ ಹೊದೆಯಿರಿ, ಎದುರುಬದುರು ಎರಡು ಕಿಂಡಿ ತೆರೆದಿಡಿ, ಎಚ್ಚರಿಕೆ ಗಂಟೆಯ ಒಂದು ಚಿಕ್ಕ ಯಂತ್ರ ತಂದು ತೂಗುಹಾಕಿ.

ಎರೆ ನೆಲದ ಪಾಠ

ಹೈದರಾಬಾದಿನ ಸುತ್ತ ಕಗ್ಗಲ್ಲಿನ ಬಂಡೆ, ಜಹೀರಾಬಾದ್ ದಾಟಿದರೆ ಬೀದರಿನ ಕೆಂಪು ಮುರಕಲ್ಲು, ಕಲಬುರಗಿ ಕಡೆ ತಿರುಗಿದರೆ ಕಪ್ಪು ಎರೆಮಣ್ಣು. ಮೊದಲೆರಡರ ಮೇಲೆ ಮಳೆ ಬಂದರೂ ಗಾಡಿ ಓಡಿಸಬಹುದು. ಎರೆ ಮಾತ್ರ ಬೇರೆಯೇ ಜಾತಿ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲುಗಳನ್ನೆಲ್ಲ ತುಂಬಿ ನುಣ್ಣಗೆ ಮಾಡುತ್ತದೆ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಿಡಿದು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ನಾಲ್ಕು ಚಕ್ರದ ಎಳೆತವಿದ್ದರೂ ಅಲ್ಲಿ ಹೆಚ್ಚು ನಡೆಯದು. ರೈತರು ಹಸಿ ಎರೆಯಲ್ಲಿ ಗಾಡಿ ಹೊಡೆಯುವುದಿಲ್ಲ, ನೆಲ ಆರಲೆಂದು ಕಾಯುತ್ತಾರೆ. ನೀವೂ ಕಾಯಿರಿ. ಮೋಡ ಕಟ್ಟುತ್ತಿದ್ದರೆ ಸಂಜೆಯೇ ಗಾಡಿಯನ್ನು ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿ. ಒಣಗಿದ ಮೇಲೂ ಹೊಲದ ದಾರಿಯ ಬಿರುಕು, ಗಾಡಿಜಾಡಿನ ಆಳ ನೋಡಿಕೊಂಡು ಹೋಗಿ. ವ್ಯಾನಿನ ಹಿಂಬದಿ ಅಚ್ಚಿನಿಂದಾಚೆಗೆ ಉದ್ದವಾಗಿ ಚಾಚಿರುವುದರಿಂದ ಹಳ್ಳ ಏರುವಾಗ ಅದೇ ಮೊದಲು ನೆಲಕ್ಕೆ ತಾಗುತ್ತದೆ.

ಒಯ್ಯಬೇಕಾದ ಸಾಮಾನು ಕೆಲವೇ. ಒಳ್ಳೆಯ ಟೈರು ಐದು, ಸಲಿಕೆ ಒಂದು, ಎಳೆಯುವ ಪಟ್ಟಿ, ಗಾಳಿ ತುಂಬುವ 12 ವೋಲ್ಟ್ ಪಂಪು, ಗಾಳಿ ಅಳೆಯುವ ಮಾಪಕ, ಜಾಕಿನ ಕೆಳಗೆ ಇಡಲು ಅಗಲವಾದ ಹಲಗೆ. ಹಲಗೆಯಿಲ್ಲದಿದ್ದರೆ ಮೆತ್ತನೆಯ ಮಣ್ಣಿನಲ್ಲಿ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ. ಮರಳಿನಲ್ಲಿ ಸಿಕ್ಕರೆ ಟೈರಿನ ಗಾಳಿ ಸ್ವಲ್ಪ ಇಳಿಸಿ ಹೊರಬನ್ನಿ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿ. ನೀರಿಗೆ 20 ಲೀಟರಿನ ನಾಲ್ಕು ಕ್ಯಾನು ಸಾಕು. ಖಾಯಂ ಟ್ಯಾಂಕಿಗಿಂತ ಅವು ತೊಳೆಯಲೂ ಸುಲಭ, ಬೋರ್‌ವೆಲ್ಲಿನಿಂದ ಹೊತ್ತು ತರಲೂ ಸುಲಭ.

ಎಲ್ಲಿಗೆ ಹೋಗೋಣ?

ಲಡಾಖಿನ ಕನಸು ಇರಲಿ, ಮೊದಲ ಪಯಣ ಹತ್ತಿರಕ್ಕೇ ಆಗಲಿ. 65ನೆಯ ಹೆದ್ದಾರಿ ಹಿಡಿದು ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿದರೆ ಬೀದರ್. ಕೋಟೆ, 15ನೆಯ ಶತಮಾನದ ಮಹಮೂದ್ ಗವಾನನ ಮದರಸಾ, ನೌಬಾದಿನ ನೆಲದಡಿಯ ಕರೇಜ್ ಸುರಂಗ ಬಾವಿಗಳು, ಇವನ್ನು ನೋಡಲು ಒಂದು ದಿನ ಸಾಲದು. ಹೆದ್ದಾರಿಯಲ್ಲೇ ಮುಂದುವರಿದರೆ ಹುಮನಾಬಾದ್, ಬದಿಯಲ್ಲಿ ಜಲಸಂಗ್ವಿಯ ಚಾಲುಕ್ಯ ದೇಗುಲ, ಅದರಾಚೆ ಶರಣರ ಕಲ್ಯಾಣ. ವಿಕಾರಾಬಾದ್, ತಾಂಡೂರು, ಸೇಡಂ ದಾರಿಯಲ್ಲಿ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ. ನೃಪತುಂಗನ ಹೆಸರಿನ ಶಾಲೆಯ ಮುಂದೆ ನಾವು ಕಾಚಿಗುಡದಲ್ಲಿ ಎಷ್ಟು ಸಲ ಓಡಾಡಿದ್ದೇವೆ! ಆ ನೃಪತುಂಗ ಆಳಿದ ಮಾನ್ಯಖೇಟ ನಮ್ಮಿಂದ ಇನ್ನೂರು ಕಿಲೋಮೀಟರಿನೊಳಗಿದೆ. ಇನ್ನೂ ಮುಂದೆ ಭೀಮಾ ತೀರದ ಸನ್ನತಿ, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೇ ಕೊರೆದಿರುವ ಅವನ ಶಿಲ್ಪ.

ತಂಗುವಾಗ ಸ್ಮಾರಕಗಳ ಆವರಣ, ಕಾಯ್ದಿಟ್ಟ ಅರಣ್ಯ, ಬೆಳೆ ನಿಂತ ಹೊಲ ಬೇಡ. ಗುಡಿಯ ಪೂಜಾರಿಯನ್ನೋ ಪಂಚಾಯಿತಿಯವರನ್ನೋ ಕಂಡು, "ನಾವು ಇಂಥವರ ಮೊಮ್ಮಕ್ಕಳು, ಒಂದು ರಾತ್ರಿ ಗಾಡಿ ನಿಲ್ಲಿಸಿಕೊಳ್ಳಬಹುದೇ?" ಎಂದು ಕನ್ನಡದಲ್ಲಿ ಕೇಳಿ. ಅಜ್ಜನ ಹೆಸರು ಹೇಳಿದರೆ ಗುರುತು ಹಿಡಿಯುವವರು ಇನ್ನೂ ಕೆಲವರಿದ್ದಾರೆ. ಹತ್ತು ವರ್ಷ ಬಿಟ್ಟು ಹೋದರೆ ಇರಲಿಕ್ಕಿಲ್ಲ. ಕಸವನ್ನು ವಾಪಸು ತನ್ನಿ, ಹೋಗಿಬರುವ ದಾರಿಯನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುತ್ತಾರೆ. ವ್ಯಾನು ಕಟ್ಟುವುದರಲ್ಲಿ ಎರಡರ ಕಷ್ಟವೂ ಸ್ವಲ್ಪ ಸ್ವಲ್ಪ ಇದೆ, ಸಂತೋಷವೂ ಇದೆ. ಒಬ್ಬೊಬ್ಬರಿಗೆ ಭಾರವೆನಿಸಿದರೆ ಮೂರು ನಾಲ್ಕು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಳ್ಳಬಹುದು. ನೋಂದಣಿ ಒಬ್ಬರ ಹೆಸರಿನಲ್ಲಿರಲಿ, ಬಾಡಿಗೆಗೆ ಮಾತ್ರ ಬಿಡುವಂತಿಲ್ಲ. ದಸರೆಯ ಹೊತ್ತಿಗೆ ಮಳೆ ಹಿಂದಾಗಿ, ಎರೆ ಆರತೊಡಗಿ, ಹಾದಿ ಗಟ್ಟಿಯಾಗುತ್ತದೆ. ಈಗಲೇ ಗಾಡಿ ನೋಡಲು ಶುರುಮಾಡಿದರೆ ಆ ಹೊತ್ತಿಗೆ ಸಿದ್ಧವಾಗಬಹುದು. ಮುಂದಿನ ಸೀಟಿನಲ್ಲಿ ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ. ದಾರಿ ಅವರಿಗೆ ಗೊತ್ತು.